ಫಲಕವಿಲ್ಲದ ಬಾಗಿಲು

ಕುಡಿತ ಬಿಡಲು ಬಯಸುವವರು ವಾರಕ್ಕೊಮ್ಮೆ ಒಂದೆಡೆ ಕೂತು ತಂತಮ್ಮ ಪಾಡನ್ನು ಹೇಳಿಕೊಳ್ಳುವ, ವೈದ್ಯರಾಗಲಿ ಬೋಧಕರಾಗಲಿ ಯಜಮಾನಿಕೆ ವಹಿಸದ ಸಭೆಗಳ ಚರಿತ್ರೆಯಲ್ಲಿ ಮೊದಲಿನಿಂದಲೂ ಒಂದು ತೊಡಕು ಉಳಿದುಬಂದಿದೆ: ಒಳಗೆ ಬಂದವನ ಹೆಸರು ಹೊರಗೆ ಹೋಗಬಾರದು, ಆದರೆ ಹೊರಗಿರುವವನಿಗೆ ಬಾಗಿಲು ಕಾಣಬೇಕು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಮತ್ತು ಕ್ಲೀವ್‌ಲೆಂಡ್ ನಗರಗಳಲ್ಲಿ ಈ ತೊಡಕಿಗೆ ಕಂಡುಕೊಂಡ ಉಪಾಯಗಳೇ ‘ಆಲ್ಕೋಹಾಲಿಕ್ಸ್ ಅನಾನಿಮಸ್’, ಅಂದರೆ ಹೆಸರು ಹೊರಗೆಡಹದ ಮದ್ಯವ್ಯಸನಿಗಳ ಕೂಟಕ್ಕೆ ಬಹುಮಟ್ಟಿಗೆ ಈಗಿನ ರೂಪ ಕೊಟ್ಟವು.

ಇದಕ್ಕೂ ಹಿಂದೆ, 1840ರಲ್ಲಿ, ಬಾಲ್ಟಿಮೋರಿನ ಮದ್ಯದಂಗಡಿಯೊಂದರಲ್ಲಿ ಆರು ಮಂದಿ ಕುಡಿತ ಬಿಡುವ ಪ್ರತಿಜ್ಞೆ ಮಾಡಿ ಕಟ್ಟಿದ ವಾಷಿಂಗ್ಟೋನಿಯನ್ ಚಳವಳಿಗೆ ಗುಟ್ಟಿನ ಹಂಗಿರಲಿಲ್ಲ. ಅದರ ಸದಸ್ಯರು ತುಂಬಿದ ಸಭೆಗಳಲ್ಲಿ ತಮ್ಮ ಪತನದ ಕಥೆಯನ್ನು ಹೇಳಿದರು, ಮೆರವಣಿಗೆ ಹೊರಟರು, ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸಿದರು. ಆದರೆ ಪಾನನಿಷೇಧದ ರಾಜಕೀಯ ಮತ್ತು ಒಳಜಗಳಗಳಿಗೆ ಸಿಲುಕಿ ಕೆಲವೇ ವರ್ಷಗಳಲ್ಲಿ ಅದು ಕರಗಿಹೋಯಿತು.

1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರುಪೇಟೆಯ ಮನುಷ್ಯ ವ್ಯವಹಾರಕ್ಕೆಂದು ಆಕ್ರನ್‌ಗೆ ಬಂದು, ಅದರಲ್ಲಿ ಸೋತು, ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದ. ಕುಡಿತ ಬಿಟ್ಟು ಆಗ ಆತನಿಗೆ ಐದೇ ತಿಂಗಳಾಗಿತ್ತು. ಒಂದು ಕಡೆಯಿಂದ ಬಾರಿನ ಗದ್ದಲ ಕೇಳುತ್ತಿತ್ತು, ಇನ್ನೊಂದು ಕಡೆ ಊರಿನ ಚರ್ಚುಗಳ ಹೆಸರಿದ್ದ ಪಟ್ಟಿ ತೂಗುತ್ತಿತ್ತು. ಇನ್ನೊಬ್ಬ ಕುಡುಕನೊಂದಿಗೆ ಮಾತಾಡಿದರೆ ಮಾತ್ರ ತನ್ನ ಸಂಯಮ ಉಳಿದೀತು ಎಂದುಕೊಂಡ ವಿಲ್ಸನ್ ಆ ಪಟ್ಟಿ ನೋಡಿ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನ್ ಮಾಡಿ, ಅಲ್ಲಿ ಸಿಕ್ಕ ಹೆಸರುಗಳ ಜಾಡು ಹಿಡಿದು ಕೊನೆಗೆ ಹೆನ್ರಿಯೆಟ್ಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದ. ಆಕೆಯ ಮನೆಯಲ್ಲಿ ಮರುದಿನ ಸಂಜೆ ಶಸ್ತ್ರವೈದ್ಯ ಬಾಬ್ ಸ್ಮಿತ್‌ನ ಭೇಟಿಯಾಯಿತು. ಹದಿನೈದು ನಿಮಿಷ ಮಾತ್ರ ಕೂರುವೆನೆಂಬ ಕರಾರಿನ ಮೇಲೆ ಬಂದಿದ್ದ ವೈದ್ಯ ಎದ್ದದ್ದು ರಾತ್ರಿ ಹನ್ನೊಂದರ ಮೇಲೆ. ಉಪದೇಶ ಕೇಳಿ ಕೇಳಿ ಬೇಸತ್ತಿದ್ದ ಸ್ಮಿತ್‌ಗೆ ಎದುರಿಗಿದ್ದವನು ಬುದ್ಧಿ ಹೇಳದೆ ತನ್ನ ಕಥೆಯನ್ನಷ್ಟೇ ಹೇಳಿದ್ದು ಹೊಸದಾಗಿತ್ತು. ಸ್ಮಿತ್ ಕೊನೆಯ ಸಲ ಕುಡಿದದ್ದೆಂದು ಎಣಿಸಲಾಗುವ 1935ರ ಜೂನ್ 10ನ್ನೇ ಕೂಟ ತನ್ನ ಹುಟ್ಟಿದ ದಿನವೆಂದು ಲೆಕ್ಕ ಹಿಡಿಯುತ್ತದೆ.

ಮುಂದಿನವರನ್ನು ಹುಡುಕಿದ್ದು ಆಸ್ಪತ್ರೆಯಲ್ಲಿ. ಕುಡುಕರನ್ನು ದಾಖಲಿಸಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, 1939ರಲ್ಲಿ, ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ, ಸ್ಮಿತ್ ಕರೆತಂದ ರೋಗಿಯನ್ನು ವಹಿಯಲ್ಲಿ ಜಠರದ ಉರಿಯೂತವೆಂದು ಬರೆದು ಸೇರಿಸಿಕೊಂಡು, ರೋಗಿಗಳಿಗೆ ಬಂದ ಹೂಗಳನ್ನು ಸಜ್ಜುಗೊಳಿಸುತ್ತಿದ್ದ ಚಿಕ್ಕ ಕೋಣೆಗೆ ಮಂಚವನ್ನು ತಳ್ಳಿಸಿದಳು. ಗುಟ್ಟು ಇಲ್ಲಿ ತತ್ತ್ವವಾಗಿರಲಿಲ್ಲ. ಹಾಸಿಗೆ ಸಿಗಬೇಕಾದರೆ ಬೇರೆ ದಾರಿಯಿರಲಿಲ್ಲ, ಅಷ್ಟೆ.

ಅದೇ ವರ್ಷ ಹೊರಬಂದ ಕೂಟದ ಪುಸ್ತಕ ಮೊದಮೊದಲು ಅಷ್ಟಾಗಿ ಮಾರಾಟವಾಗಲಿಲ್ಲ. ಆದರೆ ಶರತ್ಕಾಲದಲ್ಲಿ ‘ಪ್ಲೇನ್ ಡೀಲರ್’ ಪತ್ರಿಕೆ ಲೇಖನಮಾಲೆ ಪ್ರಕಟಿಸಿದ್ದೇ ತಡ, ಬೆರಳೆಣಿಕೆಯ ಸದಸ್ಯರಿದ್ದ ಕ್ಲೀವ್‌ಲೆಂಡಿಗೆ ನೂರಾರು ವಿಚಾರಣೆಗಳು ಬಂದವು. ಕೆಲವೇ ವಾರಗಳ ಹಿಂದೆ ಕುಡಿತ ಬಿಟ್ಟವನೂ ಹೊಸಬನೊಬ್ಬನ ಮನೆಗೆ ಹೋಗಿ, ಅವನನ್ನು ಮೊದಲ ಸಭೆಗೆ ಜೊತೆಯಲ್ಲೇ ಕರೆತರಬೇಕಾಯಿತು. ಹಳಬನೊಬ್ಬ ಹೊಸಬನ ಹೊಣೆ ಹೊರುವ ‘ಸ್ಪಾನ್ಸರ್’ ಪದ್ಧತಿ ಬಲಗೊಂಡದ್ದು ಈ ಒತ್ತಡದಲ್ಲಿ. ಇದನ್ನು ಕೂಟದ ಅತಿ ದೊಡ್ಡ ಆವಿಷ್ಕಾರವೆಂದರೆ ತಪ್ಪಾಗದು, ಏಕೆಂದರೆ ವಿಳಾಸ ಸಿಕ್ಕಿದ ಮೇಲೂ ಹೊಸ್ತಿಲು ದಾಟಲು ಕಾಲೇಳದವನಿಗೆ ಬೇಕಾದದ್ದು ಜೊತೆಗಾರ. 1941ರ ಮಾರ್ಚ್‌ನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯ ಲೇಖನ ಬಂದಾಗ ಸುಮಾರು 2,000ದಷ್ಟಿದ್ದ ಸದಸ್ಯರ ಸಂಖ್ಯೆ ವರ್ಷಾಂತ್ಯಕ್ಕೆ 8,000 ಮುಟ್ಟಿತು.

1950ರಲ್ಲಿ ಕ್ಲೀವ್‌ಲೆಂಡ್ ಸಮ್ಮೇಳನ ಅಂಗೀಕರಿಸಿದ ಹನ್ನೆರಡು ‘ಸಂಪ್ರದಾಯ’ಗಳು ಹೊರಗಿನ ವಿವಾದಗಳಲ್ಲಿ ಕೂಟ ಅಭಿಪ್ರಾಯ ಕೊಡಕೂಡದು, ಕುಡಿತ ಬಿಡುವ ಬಯಕೆಯೊಂದೇ ಸದಸ್ಯತ್ವಕ್ಕೆ ಸಾಕು, ಪತ್ರಿಕೆ, ರೇಡಿಯೋ, ಚಲನಚಿತ್ರಗಳಲ್ಲಿ ಸದಸ್ಯ ತನ್ನ ಗುರುತು ಬಿಟ್ಟುಕೊಡಕೂಡದು ಎಂದು ವಿಧಿಸಿದವು. ಯಾರು ಬೇಕಾದರೂ ಬರಬಹುದಾದ ‘ತೆರೆದ’ ಸಭೆ, ಕುಡಿತ ಬಿಡಬಯಸುವವರಿಗಷ್ಟೇ ಮೀಸಲಾದ ‘ಮುಚ್ಚಿದ’ ಸಭೆ ಎಂಬ ವಿಂಗಡಣೆಯೂ ಬಳಕೆಯಲ್ಲಿದೆ. ಅಳುಕುವ ಹೊಸಬನಿಗೆ, ಅವನ ಮನೆಯವರಿಗೆ, ಮೊದಲನೆಯದು ಸುಲಭದ ಹೊಸ್ತಿಲು.

ಈ ಕೂಟದ ಸಭೆಗಳು ಬೆಂಗಳೂರಿನಲ್ಲಿಯೂ ನಡೆಯುತ್ತವೆ. ಆದರೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ಏರ್ಪಡಿಸುವ ಮದ್ಯವರ್ಜನ ಶಿಬಿರ ಹಾಗೂ ಶಿಬಿರ ಮುಗಿಸಿದವರು ಮತ್ತೆ ಜಾರದಂತೆ ಸೇರುವ ‘ನವಜೀವನ ಸಮಿತಿ’. ಯಾರು ಎಷ್ಟು ಕುಡಿಯುತ್ತಾನೆಂಬುದು ಇಡೀ ಕೇರಿಗೆ ಗೊತ್ತಿರುವ ಕಡೆ ಹೆಸರು ಮುಚ್ಚಿಡುವುದಕ್ಕೆ ಹೆಚ್ಚಿನ ಅರ್ಥವಿಲ್ಲ. ಗಾಂಧಿ ಜಯಂತಿಯ ಸುಮಾರಿಗೆ ನಡೆಯುವ ಪಾನಮುಕ್ತರ ಸಮಾವೇಶಗಳಲ್ಲಿ ಕುಡಿತ ಬಿಟ್ಟವರು ಊರಿನವರೆದುರೇ ಕೂಡುತ್ತಾರೆ.