ವಕೀಲಿ ಸನದಿಲ್ಲದ ಟೇಲರ್ ಮತ್ತು ಸುರಪುರದ ಜಮೀನು

ಯಾದಗಿರಿ ಜಿಲ್ಲೆಯ ಕೊಂಕಲ್, ಶಹಾಪುರ, ಸುರಪುರದ ಕಡೆಯ ರೈತರು ಜಮೀನಿನ ತಕರಾರು ಹೊತ್ತು ವಕೀಲರ ಮುಂದೆ ಕೂತರೆ ಪಹಣಿ, ಪಟ್ಟಾ, ಇನಾಮು, ಸನದು ಎಂಬ ಮಾತುಗಳು ತಾವಾಗಿಯೇ ಬರುತ್ತವೆ. ಹೊರದೇಶಕ್ಕೆ ಹೋಗಿ ನೆಲೆಸಿ, ಅಲ್ಲಿನ ಆಸ್ತಿಪಾಸ್ತಿಯ ಕಾನೂನು ಕಲಿತು, ಹಲವು ದೇಶಗಳ ಕಕ್ಷಿದಾರರ ಕೆಲಸ ಮಾಡಿಕೊಡುವ ವಕೀಲರು ಇಂದು ದೊಡ್ಡ ನಗರಗಳಲ್ಲಿ ಸಾಕಷ್ಟು ಸಿಗುತ್ತಾರೆ. ಈ ಸೀಮೆಯಲ್ಲಿ ಅದಕ್ಕೆ ಹತ್ತಿರದ ಕೆಲಸವನ್ನು 19ನೇ ಶತಮಾನದಲ್ಲೇ ಮಾಡಿದವನು ಫಿಲಿಪ್ ಮೆಡೋಸ್ ಟೇಲರ್. ಅವನಿಗೆ ಕಾನೂನಿನ ಪದವಿ ಇರಲಿಲ್ಲ. ಕಕ್ಷಿದಾರರು ಮಾತ್ರ ಒಬ್ಬರಲ್ಲ, ಮೂವರು.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್ 1824ರಲ್ಲಿ, ಇನ್ನೂ 16 ತುಂಬುವ ಮೊದಲೇ, ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಕೆಲಸಕ್ಕೆಂದು ಮುಂಬೈಗೆ ಬಂದ. ದೊಡ್ಡದೆಂದು ನಂಬಿಸಿದ್ದ ಆ ವ್ಯವಹಾರ ಆಗಲೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ಶಿಫಾರಸಿನಿಂದ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಹುದ್ದೆ ಸಿಕ್ಕಿತು. ಈ ನೌಕರಿಯ ಸ್ವರೂಪವೇ ವಿಚಿತ್ರ. ಸಂಬಳ ನಿಜಾಮರದು, ಆಜ್ಞೆ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನದು. ಕಂಪನಿಯ ಖಾಯಂ ಅಧಿಕಾರಿಗಳಿಗಿದ್ದ ಬಡ್ತಿ, ಭದ್ರತೆ ಯಾವುದೂ ಇಲ್ಲ. ಹಾಗಾಗಿ ಪರದೇಶಿಯಾದ ಈ ಹುಡುಗನಿಗೆ ಕಲಿಕೆಯೇ ಬಂಡವಾಳವಾಯಿತು. ಹಿಂದುಸ್ತಾನಿ, ಪಾರಸಿ, ಮರಾಠಿ ಕಲಿತ. ಇಲ್ಲಿನ ಕಾನೂನು, ಭೂಮಾಪನ, ಕಟ್ಟಡದ ಕೆಲಸ ಎಲ್ಲವನ್ನೂ ನೌಕರಿ ಮಾಡುತ್ತಲೇ ರೂಢಿಸಿಕೊಂಡ. ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ನಿಜಾಮರ ಸರ್ಕಾರಕ್ಕೇ ಸಾಲ ಕೊಟ್ಟು ದಿವಾಳಿಯಾಗಿದ್ದ ಮನೆತನವದು. ರಾಜ್ಯಗಳ ಸಾಲ ಎಂದರೇನೆಂಬುದು ಅಳಿಯನಿಗೆ ಹೀಗೆ ಮನೆಯೊಳಗೇ ತಿಳಿದಿರಬೇಕು.

1841ರಲ್ಲಿ ರೆಸಿಡೆಂಟ್ ಫ್ರೇಜರ್ ಅವನನ್ನು ಸುರಪುರಕ್ಕೆ ಕಳಿಸಿದ. ಬೇಡ ನಾಯಕರ ಈ ಸಂಸ್ಥಾನ ಹಿಂದೆ ಮರಾಠರಿಗೂ ನಿಜಾಮರಿಗೂ ಕಪ್ಪ ಕೊಟ್ಟು ಬದುಕಿದ್ದು. ಅಷ್ಟರಲ್ಲಿ ಬಾಕಿಯ ಹೊರೆಯಲ್ಲಿ ಸಿಲುಕಿತ್ತು. ಮರುವರ್ಷ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಆಡಳಿತ ಯಾರ ಕೈಯಲ್ಲಿರಬೇಕು ಎಂಬ ಬಗ್ಗೆ ರಾಣಿ ಈಶ್ವರಮ್ಮನಿಗೂ ಬಾಲಕನ ಚಿಕ್ಕಪ್ಪ ಪಿಡ್ಡ ನಾಯಕನಿಗೂ ಹೊಂದಲಿಲ್ಲ. ಕೊನೆಗೆ ಸಂಸ್ಥಾನದ ಲೆಕ್ಕಪತ್ರವೆಲ್ಲ ಟೇಲರ್‌ನ ಮೇಜಿಗೆ ಬಂತು.

ಜಮೀನಿನ ವಕೀಲ ಇಂದು ಮಾಡುವ ಕೆಲಸವೇ ಅವನ ಮುಂದಿತ್ತು. ಯಾವ ಊರು ಯಾರ ಸ್ವಾಧೀನದಲ್ಲಿದೆ, ಕಂದಾಯ ಯಾರಿಗೆ ಸಲ್ಲಬೇಕು, ಸಾಲಗಾರನ ಹಕ್ಕು ಎಲ್ಲಿಯವರೆಗೆ? ಶಸ್ತ್ರ ಹಿಡಿದು ಸೇವೆ ಮಾಡಿದ್ದಕ್ಕೆ ಭೂಮಿ ಪಡೆದ ಬೇಡರಿಗೆ ಕಾಗದಕ್ಕಿಂತ ಕತ್ತಿಯ ಮೇಲೆ ನಂಬಿಕೆ ಹೆಚ್ಚು. ಅಂಥವರ ಜೊತೆ ಕೂತು ಮಾತಾಡಿ ಒಪ್ಪಿಸಬೇಕಿತ್ತು. ಹನ್ನೆರಡು ವರ್ಷ ಅವನು ಇದನ್ನೇ ಮಾಡಿದ. ನಡುವೆ ರಸ್ತೆ ಮಾಡಿಸಿದ, ಬೋನಾಳ ಕೆರೆಯ ಕೆಲಸಕ್ಕೆ ಕೈಹಾಕಿದ, ರಾಜನಕೋಳೂರಿನ ಶಿಲಾಸಮಾಧಿಗಳ ಬಗ್ಗೆ ಬರೆದ, ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿಗಳನ್ನೂ ಕಳಿಸುತ್ತಿದ್ದ. ಅವನ ವಾಸಕ್ಕೆ ಕಟ್ಟಿದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲಿದೆ.

ಅವನ ಶ್ರದ್ಧೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅವನು ಯಾರ ಪರ ಎಂಬುದರಲ್ಲಿ. ಬಾಲಕ ದೊರೆ ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. ನಿಜಾಮರು ಆ ದೊರೆಯಿಂದ ಬಾಕಿ ಬರಬೇಕಾದವರು. ಕಂಪನಿ ಇಬ್ಬರ ಮೇಲೂ ಕಣ್ಣಿಟ್ಟ ಮೂರನೆಯ ಪಕ್ಷ. ಒಂದು ವ್ಯಾಜ್ಯದಲ್ಲಿ ಎರಡೂ ಕಡೆಗೆ ನಿಲ್ಲಲು ಇಂದಿನ ವಕೀಲರಿಗೆ ಅವಕಾಶವಿಲ್ಲ. ಟೇಲರ್ ಮೂರೂ ಕಡೆಗೆ ನಿಂತಿದ್ದ, ಅದನ್ನು ತಪ್ಪೆಂದು ಆ ಕಾಲದಲ್ಲಿ ಯಾರೂ ಎಣಿಸಲಿಲ್ಲ.

1853ರಲ್ಲಿ ವೆಂಕಟಪ್ಪ ನಾಯಕನ ಕೈಗೆ ಸಂಸ್ಥಾನ ಬಂತು. ಅದೇ ವರ್ಷ ಹೈದರಾಬಾದಿನಲ್ಲಿ ಬೇರೆಯೇ ಒಂದು ಪತ್ರಕ್ಕೆ ಸಹಿ ಬಿತ್ತು. ಸೈನ್ಯದ ಖರ್ಚಿನ ಬಾಬ್ತಿಗೆ ನಿಜಾಮರು ಬೆರಾರ್, ರಾಯಚೂರು ದೋಆಬ್, ಧಾರಾಶಿವ ಸೀಮೆಗಳನ್ನು ಕಂಪನಿಯ ವಶಕ್ಕೆ ಕೊಟ್ಟರು. ಹೊಲ ಅಡವಿಡುವಂತೆ ಜಿಲ್ಲೆಗಳನ್ನೇ ಅಡವಿಟ್ಟ ವ್ಯವಹಾರ ಎನ್ನಬಹುದು. ಧಾರಾಶಿವ ಸೀಮೆಯ ನಳದುರ್ಗಕ್ಕೆ ಟೇಲರ್‌ನನ್ನೇ ಕಳಿಸಲಾಯಿತು. ನುರಿತ ಸರ್ವೆಯವರು ಇರಲಿಲ್ಲ. ಸ್ಥಳೀಯ ಹುಡುಗರಿಗೇ ಅಳತೆ ಕಲಿಸಿ ಹೊಲಗಳನ್ನು ಅಳೆಸಿದ.

ಇತ್ತ ಸುರಪುರ ಮತ್ತೆ ಸಾಲಕ್ಕೆ ಬಿತ್ತು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಸೆರೆಯಲ್ಲಿ ಅವನನ್ನು ಕಂಡು ಮಾತಾಡಿದ. ಮರಣದಂಡನೆ ತಗ್ಗಿ ನಾಲ್ಕು ವರ್ಷದ ಸೆರೆವಾಸವಾಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲೇ ಅವನು ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡ ಎಂದು ಬ್ರಿಟಿಷರ ದಾಖಲೆ.

ವಾರಸುದಾರನಿಗಾಗಿ ಹನ್ನೆರಡು ವರ್ಷ ಹಸನು ಮಾಡಿದ ಆಸ್ತಿ 1860ರ ಒಪ್ಪಂದದಲ್ಲಿ ಒಂದೇ ಕಲಮಿನಲ್ಲಿ ಕೈಬದಲಾಯಿತು. ದಂಗೆಯ ಕಾಲದಲ್ಲಿ ನಿಷ್ಠರಾಗಿದ್ದುದಕ್ಕೆ ನಿಜಾಮರಿಗೆ ಸುರಪುರ ಸಂಸ್ಥಾನ ಉಡುಗೊರೆ. ರಾಯಚೂರು, ಧಾರಾಶಿವ ಮರಳಿ ಸಿಕ್ಕವು, 50 ಲಕ್ಷ ರೂಪಾಯಿ ಸಾಲವೂ ಮನ್ನಾ. ಬೆರಾರ್ ಮಾತ್ರ ಬ್ರಿಟಿಷರ ಬಳಿಯೇ ಉಳಿಯಿತು. ಸುರಪುರದ ಮನೆತನವನ್ನಾಗಲಿ ಉಳುವವರನ್ನಾಗಲಿ ಕೇಳುವ ಪ್ರಶ್ನೆಯೇ ಏಳಲಿಲ್ಲ. ಅದೇ ವರ್ಷ ಆರೋಗ್ಯ ಕೆಟ್ಟ ಟೇಲರ್ ಇಂಗ್ಲೆಂಡಿಗೆ ಮರಳಿದ. 1876ರಲ್ಲಿ ತೀರಿಕೊಂಡ. ಅವನ ಆತ್ಮಕಥೆಯನ್ನು ಮಗಳು ಆಲಿಸ್ 1877ರಲ್ಲಿ ಪ್ರಕಟಿಸಿದಳು.

ಸುರಪುರ 1948ರ ಪೊಲೀಸ್ ಕಾರ್ಯಾಚರಣೆಯವರೆಗೂ ನಿಜಾಮರ ರಾಜ್ಯದಲ್ಲೇ ಇತ್ತು. ಈ ಸೀಮೆಯ ಇನಾಮುಗಳನ್ನು ಕೈಬಿಡಲು ಹೈದರಾಬಾದ್ ಇನಾಮು ರದ್ದತಿ ಕಾಯ್ದೆ ಬಂದದ್ದು 1955ರಲ್ಲಿ.