ಗಲ್ಫ್‌ನಿಂದ ಆಸ್ಟ್ರೇಲಿಯಾಕ್ಕೆ ಹೊರಟಿದ್ದೀರಾ? ಮನೆಯ ಎಲೆಕ್ಟ್ರಾನಿಕ್ಸ್‌ನಲ್ಲಿ ಯಾವುದು ಒಯ್ಯಬೇಕು, ಯಾವುದು ಬೇಡ

ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದ ಕನ್ನಡಿಗರಲ್ಲಿ ಕೆಲವು ಕುಟುಂಬಗಳು ಊರಿಗೆ ಮರಳುವ ಬದಲು ಆಸ್ಟ್ರೇಲಿಯಾದ ಹಾದಿ ಹಿಡಿಯುತ್ತಿವೆ. ಪರ್ತ್ ಮತ್ತು ಅಡಿಲೇಡ್ ವಲಸೆ ಇಲಾಖೆಯ 'ರೀಜನಲ್' ಪಟ್ಟಿಯಲ್ಲಿ ಇರುವುದರಿಂದ 491 ವೀಸಾದವರೂ ಅಲ್ಲಿ ನೆಲೆಸಬಹುದು. ಬ್ರಿಸ್ಬೇನ್ ನಗರ ಆ ಪಟ್ಟಿಯಲ್ಲಿಲ್ಲ, ಅಲ್ಲಿಗೆ ಬೇರೆ ವೀಸಾದವರು ಹೋಗುತ್ತಾರೆ. ಯಾವ ಊರಿಗೆ ಹೋದರೂ ವೀಸಾ ಬಂದ ಮರುದಿನ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸಿ ಎಲ್ಲ ಏನು ಮಾಡೋದು?

'ಅಲ್ಲಿಯ ಕರೆಂಟ್ ಬೇರೆ' ಅಂತ ಕೆಲವರು ಎಲ್ಲವನ್ನೂ ಅರ್ಧ ಬೆಲೆಗೆ ಮಾರಿಬಿಡುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಕಾರ್ಗೋಗೆ ಹಾಕುತ್ತಾರೆ. ಎರಡರಲ್ಲೂ ನಷ್ಟವಿದೆ. ಕರೆಂಟ್ ಹೆಚ್ಚಿನವರಿಗೆ ಸಮಸ್ಯೆಯೇ ಅಲ್ಲ. ದುಡ್ಡು ಹೋಗುವುದು ಪ್ಲಗ್, ಫೋನ್, ಕಸ್ಟಮ್ಸ್ ಮತ್ತು ಸಾಗಣೆಯಲ್ಲಿ.

ಕರೆಂಟ್ ಮತ್ತು ಪ್ಲಗ್

ಆಸ್ಟ್ರೇಲಿಯಾದಲ್ಲಿ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ ಮತ್ತು ನಮ್ಮ ಊರಿನಲ್ಲೂ ಹೆಚ್ಚುಕಡಿಮೆ ಇದೇ. ಹಾಗಾಗಿ ಕನ್ವರ್ಟರ್ ಬೇಕಿಲ್ಲ.

ಸೌದಿಯವರು ಮಾತ್ರ ಎಚ್ಚರ ವಹಿಸಬೇಕು. ಅಲ್ಲಿಯದು 60 ಹರ್ಟ್ಸ್. ಸಾಮಾನಿನ ಹಿಂದಿನ ಸ್ಟಿಕ್ಕರ್‌ನಲ್ಲಿ '50/60' ಅಂತ ಇದ್ದರೆ ತೊಂದರೆಯಿಲ್ಲ. ಬರೀ '60' ಇದ್ದರೆ ಫ್ರಿಜ್, ವಾಷಿಂಗ್ ಮೆಷಿನ್‌ನಂಥ ಮೋಟಾರ್ ಇರುವ ಸಾಮಾನು ಅಲ್ಲಿ ನಿಧಾನ ಓಡುತ್ತದೆ, ಬಿಸಿಯಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಬಳಸುತ್ತಿದ್ದ 110 ಅಥವಾ 127 ವೋಲ್ಟಿನ ಸಾಮಾನನ್ನು ಅಲ್ಲಿ ನೇರ ಹಾಕಿದರೆ ಸುಟ್ಟುಹೋಗುತ್ತದೆ.

ಪ್ಲಗ್ ವಿಷಯ ಬೇರೆ. ಗಲ್ಫ್‌ನದು ಚೌಕ ಪಿನ್ನಿನ ಬ್ರಿಟಿಷ್ ಪ್ಲಗ್, ಆಸ್ಟ್ರೇಲಿಯಾದ್ದು ಓರೆಯಾಗಿ ನಿಂತ ಚಪ್ಪಟೆ ಪಿನ್. ಅಡಾಪ್ಟರ್ ಹಾಕಿದರೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ತಪ್ಪಾಗುವುದು ಇಲ್ಲೇ. ಬ್ರಿಟಿಷ್ ಪ್ಲಗ್ 13 ಆಂಪಿಯರ್ ತನಕ ತಾಳುತ್ತದೆ. ಆಸ್ಟ್ರೇಲಿಯಾದ ಸಾಮಾನ್ಯ ಸಾಕೆಟ್ 10 ಆಂಪಿಯರ್‌ನದು, ಅಂದರೆ ಸುಮಾರು 2,300 ವಾಟ್. ಗಲ್ಫ್‌ನಲ್ಲಿ ಸಿಗುವ 3,000 ವಾಟ್‌ನ ಕೆಟಲ್ ಅಥವಾ ಹೀಟರ್ ಅಲ್ಲಿ ಹಾಕಿದರೆ ಅಡಾಪ್ಟರ್ ಕರಗಬಹುದು, ಬೆಂಕಿಯೂ ಹತ್ತಬಹುದು. ಇಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದು ಒಂದೇ ಅಡಾಪ್ಟರ್‌ನಲ್ಲಿ ನಾಲ್ಕು ಸಾಮಾನು ಹಾಕುವವರೂ ಒಟ್ಟು ವಾಟ್ ಕೂಡಿಸಿ ನೋಡಬೇಕು.

ಊರಿನ 750 ವಾಟ್‌ನ ಮಿಕ್ಸಿ, ವೆಟ್ ಗ್ರೈಂಡರ್ ಆರಾಮವಾಗಿ ನಡೆಯುತ್ತವೆ. ಅರ್ಥಿಂಗ್ ಇರುವ ಮೂರು ಪಿನ್ನಿನ ಅಡಾಪ್ಟರನ್ನೇ ಬಳಸಿ, ಅದರ ಮೇಲೆ ಆಸ್ಟ್ರೇಲಿಯಾದ 'ಆರ್‌ಸಿಎಂ' ಗುರುತು ಇದೆಯೇ ನೋಡಿ. ಮಾನಿಟರ್, ರೈಸ್ ಕುಕ್ಕರ್ ಮೊದಲಾದವುಗಳ ವೈರ್ ಬಿಚ್ಚಿ ತೆಗೆಯುವಂಥದ್ದಾದರೆ, ಅಡಾಪ್ಟರ್ ಬದಲು ಅಷ್ಟೇ ತಾಕತ್ತಿನ ಅಲ್ಲಿಯ ವೈರ್ ಕೊಳ್ಳುವುದು ಉತ್ತಮ.

ಫೋನ್: ಮೊದಲು ನೋಡಬೇಕಾದ್ದು

ಆಸ್ಟ್ರೇಲಿಯಾದಲ್ಲಿ 3ಜಿ ನಿಂತುಹೋಗಿದೆ. ಕೊನೆಯದಾಗಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ ಕಂಪನಿಗಳು 2024ರ ಅಕ್ಟೋಬರ್ 28ರಿಂದ ಅದನ್ನು ಮುಚ್ಚಿದವು. ಅಲ್ಲಿಯ ತುರ್ತು ಸಂಖ್ಯೆ 000. ಈ ಸಂಖ್ಯೆಗೆ 4ಜಿ ಮೂಲಕ ಕರೆ ಮಾಡಲಾಗದ ಫೋನನ್ನು ನೆಟ್‌ವರ್ಕ್‌ನಿಂದಲೇ ಬ್ಲಾಕ್ ಮಾಡಬೇಕೆಂಬ ನಿಯಮ ಇದೆ. ಇಂಟರ್ನೆಟ್, ವಾಟ್ಸಾಪ್, ಮಾಮೂಲಿ ಕರೆ ಎಲ್ಲ ಸರಿಯಿದ್ದರೂ 000ಗೆ ಮಾತ್ರ ಹೋಗದ ಫೋನ್‌ಗಳಿವೆ. ಹೊರದೇಶಗಳಿಗಾಗಿ ತಯಾರಾದ ಮಾಡೆಲ್‌ಗಳಲ್ಲಿ ಈ ತೊಂದರೆ ಹೆಚ್ಚು.

ಆದ್ದರಿಂದ ಹೊರಡುವ ಮುಂಚೆ ಆಫರ್‌ನಲ್ಲಿ ಮನೆಮಂದಿಗೆಲ್ಲ ಹೊಸ ಫೋನ್ ಕೊಳ್ಳುವ ಆಸೆ ತಡೆಹಿಡಿಯಿರಿ. ಇರುವ ಫೋನಿನಲ್ಲಿ *#06# ಒತ್ತಿ ಐಎಂಇಐ ಸಂಖ್ಯೆ ಬರೆದುಕೊಳ್ಳಿ, ಸಿಮ್ ತೆಗೆದುಕೊಳ್ಳುವ ಕಂಪನಿಯಲ್ಲಿ ಅದು ಆಗುತ್ತದೆಯೇ ಕೇಳಿ. ಅಪ್ಪ ಅಮ್ಮ ಜೊತೆಗೆ ಬರುವುದಾದರೆ ಅವರ ಹಳೆಯ ಫೋನನ್ನೂ ನೋಡಿ. ಆಂಬ್ಯುಲೆನ್ಸ್ ಕರೆಯುವ ಹೊತ್ತಿನಲ್ಲಿ ಇದು ಗೊತ್ತಾಗಬಾರದು.

ಟಿವಿ

ಸ್ಕ್ರೀನ್, ಎಚ್‌ಡಿಎಂಐ, ಆ್ಯಪ್‌ಗಳು ನಡೆಯುತ್ತವೆ. ಆಂಟೆನಾ ಚಾನೆಲ್ ಮಾತ್ರ ಸಿಗದೇ ಇರಬಹುದು. ಸಿಗದಿದ್ದರೆ ಅಲ್ಲಿಯ ಸೆಟ್ ಟಾಪ್ ಬಾಕ್ಸ್ ಜೋಡಿಸಿದರಾಯಿತು. ಗಲ್ಫ್‌ನ ಡಿಶ್ ಮತ್ತು ರಿಸೀವರ್ ಒಯ್ದು ಪ್ರಯೋಜನವಿಲ್ಲ. ಮೂಲ ಡಬ್ಬ ಇಲ್ಲದ ದೊಡ್ಡ ಟಿವಿಯನ್ನು ಕಾರ್ಗೋಗೆ ಹಾಕದಿರುವುದೇ ಒಳ್ಳೆಯದು.

ಕಸ್ಟಮ್ಸ್ ಲೆಕ್ಕ

ಹಡಗಿನಲ್ಲಿ ಬರುವ ಮನೆ ಸಾಮಾನಿಗೆ 'ಬಿ534' ಫಾರ್ಮ್ ತುಂಬಬೇಕು. ಪರ್ತ್‌ನವರ ಸಾಮಾನು ಸಾಮಾನ್ಯವಾಗಿ ಫ್ರೀಮ್ಯಾಂಟಲ್ ಬಂದರಿನಲ್ಲಿ ಇಳಿಯುತ್ತದೆ. ಹೊರಡುವ ಮುಂಚಿನ 12 ತಿಂಗಳು ಪೂರ್ತಿ ನಿಮ್ಮದಾಗಿದ್ದು, ನೀವು ಬಳಸಿದ ಸಾಮಾನಿಗೆ ತೆರಿಗೆ ಇಲ್ಲ. ಅದಕ್ಕಿಂತ ಹೊಸದಾದರೆ ಸಾಮಾನ್ಯವಾಗಿ 5% ಸುಂಕ, ಅದರ ಮೇಲೆ 10% ಜಿಎಸ್‌ಟಿ. ಉದಾಹರಣೆಗೆ, 1,000 ಡಾಲರ್ ಬೆಲೆಯ ಹೊಸ ಟಿವಿಗೆ ಸಾಗಣೆ 200 ಡಾಲರ್ ಆದರೆ:

ಸುಂಕ 5%: 50 ಡಾಲರ್
ಜಿಎಸ್‌ಟಿ (1,000 + 50 + 200ರ 10%): 125 ಡಾಲರ್
ಒಟ್ಟು ತೆರಿಗೆ: 175 ಡಾಲರ್

ದುಬೈ ಶಾಪಿಂಗ್ ಫೆಸ್ಟಿವಲ್‌ನಲ್ಲಿ ಉಳಿಸಿದ್ದು ಇಲ್ಲೇ ಹೋಯಿತು. ಆದ್ದರಿಂದ ಹಳೆಯ ಬಿಲ್‌ಗಳನ್ನು ಎಸೆಯಬೇಡಿ, ತಾರೀಕಿಗೆ ಅವೇ ಸಾಕ್ಷಿ.

ವಿಮಾನದಲ್ಲಿ ಜೊತೆಗೆ ಒಯ್ಯುವ ಹೊಸ ಸಾಮಾನಿಗೆ ದೊಡ್ಡವರಿಗೆ ತಲಾ 900, 18 ವರ್ಷದೊಳಗಿನವರಿಗೆ 450 ಆಸ್ಟ್ರೇಲಿಯನ್ ಡಾಲರ್ ತನಕ ರಿಯಾಯಿತಿ ಇದೆ. ಒಟ್ಟಿಗೆ ಪ್ರಯಾಣಿಸುವ ಕುಟುಂಬ ಇದನ್ನು ಕೂಡಿಸಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 2,700 ಆಯಿತು. ಮಿತಿ ದಾಟಿದರೆ ಹೆಚ್ಚಾದ ಭಾಗಕ್ಕೆ ಮಾತ್ರವಲ್ಲ, ಆ ಬಗೆಯ ಎಲ್ಲ ಸಾಮಾನಿಗೂ ತೆರಿಗೆ ಬೀಳುತ್ತದೆ. ಹಡಗಿನ ಸಾಮಾನಿಗೆ ಈ ರಿಯಾಯಿತಿ ಇಲ್ಲ.

ಇನ್ನೊಂದು ಮುಖ್ಯ ವಿಷಯ ಸ್ವಚ್ಛತೆ. ಮಿಕ್ಸಿ ಜಾರ್‌ನ ಅಡಿಯ ಮಸಾಲೆ, ಗ್ರೈಂಡರ್‌ನ ಒಣಗಿದ ಹಿಟ್ಟು, ವ್ಯಾಕ್ಯೂಮ್ ಕ್ಲೀನರ್‌ನ ಮಣ್ಣು, ಇವೆಲ್ಲ ಜೈವಿಕ ಸುರಕ್ಷತಾ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ತಪಾಸಣೆ, ಶುಚಿ ಮಾಡಿಸುವ ಖರ್ಚು ನಿಮ್ಮದೇ. ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಪ್ಯಾಕ್ ಮಾಡಿ.

ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಬ್ಯಾಗ್‌ನಲ್ಲಿ ಕೂಡದು. 100 ವಾಟ್ ಅವರ್ ತನಕ ಸಾಮಾನ್ಯವಾಗಿ ಬಿಡುತ್ತಾರೆ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಸುಮಾರು 74 ವಾಟ್ ಅವರ್ ಆಗುತ್ತದೆ.

ಕೊನೆಗೆ ಪಟ್ಟಿ ಹೀಗೆ

ಒಯ್ಯಿರಿ: ಲ್ಯಾಪ್‌ಟಾಪ್, ಟ್ಯಾಬ್, ಕ್ಯಾಮೆರಾ, ಪರೀಕ್ಷಿಸಿದ ಫೋನ್, ಊರಿನ ಮಿಕ್ಸಿ, ಟೇಬಲ್ ಟಾಪ್ ಗ್ರೈಂಡರ್.

ಯೋಚಿಸಿ: ವರ್ಷ ದಾಟಿದ ಒಳ್ಳೆಯ ಟಿವಿ, ಅದೂ ಮನೆ ಸಾಮಾನಿಗಾಗಿ ಕಂಟೇನರ್ ಹೇಗೂ ಹೋಗುವುದಾದರೆ.

ಬಿಡಿ: ಫ್ರಿಜ್, ವಾಷಿಂಗ್ ಮೆಷಿನ್, ಎಸಿ, ಕೆಟಲ್, ಹೀಟರ್. ಗ್ಯಾಸ್ ಸ್ಟವ್ ಅಂತೂ ಬೇಡವೇ ಬೇಡ, ಅಲ್ಲಿಯ ಪ್ರಮಾಣಪತ್ರ ಇಲ್ಲದ ಗ್ಯಾಸ್ ಉಪಕರಣ ಜೋಡಿಸಲು ಬಿಡುವುದಿಲ್ಲ.

ಆಸ್ಟ್ರೇಲಿಯಾದ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಒಲೆ, ಓವನ್ ಇರುತ್ತವೆ. ಫ್ರಿಜ್, ವಾಷಿಂಗ್ ಮೆಷಿನ್ ನೀವೇ ತರಬೇಕು. ಇವೆರಡನ್ನು ಮೊದಲ ವಾರ ಗಮ್‌ಟ್ರೀ ಅಥವಾ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ದಿನ ದೂಡಬಹುದು. ಹೊಸದು ಬೇಕಾದರೆ ಆರ್ಥಿಕ ವರ್ಷ ಮುಗಿಯುವ ಜೂನ್ ತಿಂಗಳು ಅಥವಾ ಡಿಸೆಂಬರ್ 26ರ ಬಾಕ್ಸಿಂಗ್ ಡೇ ಸೇಲ್ ಕಾಯಿರಿ. ಅಲ್ಲಿ ಕೊಂಡದ್ದಕ್ಕೆ ಅಲ್ಲಿಯ ಗ್ರಾಹಕ ಕಾನೂನಿನ ರಕ್ಷಣೆ ಇರುತ್ತದೆ. ಗಲ್ಫ್ ವಾರಂಟಿ ಬಹುತೇಕ ಗಲ್ಫ್‌ಗೇ ಸೀಮಿತ.

ಕಾರ್ಗೋದವರಿಂದ ದರ ಕೇಳುವಾಗ ಇಲ್ಲಿಯ ದರ ಮಾತ್ರ ಕೇಳಿ ಸುಮ್ಮನಾಗಬೇಡಿ. ಅಲ್ಲಿಯ ಬಂದರು ಶುಲ್ಕ, ತಪಾಸಣೆ, ಮನೆ ತನಕದ ಸಾಗಣೆ ಸೇರಿಸಿ ಬರಹದಲ್ಲಿ ತೆಗೆದುಕೊಳ್ಳಿ. ಆ ಮೊತ್ತಕ್ಕೆ ಇಲ್ಲಿ ಮಾರಿದರೆ ಬರುವ ದುಡ್ಡನ್ನೂ ಕೂಡಿಸಿ. ಅಷ್ಟರಲ್ಲಿ ಅದೇ ಸಾಮಾನು ಅಲ್ಲಿ ಸಿಗುತ್ತದೆ ಅಂತಾದರೆ ಇಲ್ಲೇ ಮಾರಿ ಹೋಗುವುದೇ ಲಾಭ.