ಮಲಬಾರಿನ ಉದ್ಯಾನವೂ ಅದರ ಸಾಕ್ಷಿಗಳೂ

ಕರಾವಳಿಯ ಮನೆಗಳ ಹಿತ್ತಿಲಲ್ಲಿ ಚಪ್ಪರವೇರಿ ಹಬ್ಬುವ ಬಸಳೆಗೆ ಸಸ್ಯಶಾಸ್ತ್ರಜ್ಞರು ಕೊಟ್ಟಿರುವ ಹೆಸರು ‘ಬಸೆಲ್ಲ’. ವೇಷವು ಲ್ಯಾಟಿನ್ನಿನದು, ಶಬ್ದವು ಮಲೆಯಾಳ ಸೀಮೆಯದು. ಸ್ವೀಡನ್ ದೇಶದ ಲಿನ್ನೇಯಸನು 1753ರ ತನ್ನ ಮಹಾಗ್ರಂಥದಲ್ಲಿ ಅದನ್ನು ಶಾಸ್ತ್ರಸಮ್ಮತವನ್ನಾಗಿ ಮಾಡಿದನು. ಆ ಪಂಡಿತನು ಮಲಬಾರನ್ನು ಕಂಡವನಲ್ಲ. ಅವನಿಗೆ ಆಧಾರವಾದದ್ದು ಕೊಚ್ಚಿಯಲ್ಲಿ ಸಿದ್ಧವಾಗಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’, ಎಂದರೆ ಮಲಬಾರಿನ ಉದ್ಯಾನ.

ಈ ಗ್ರಂಥಕ್ಕೆ ಕಾರಣಪುರುಷನು ಡಚ್ ಕಂಪೆನಿಯ ಅಧಿಕಾರಿಯಾಗಿ ಕೊಚ್ಚಿಯನ್ನಾಳಿದ ಹೆಂಡ್ರಿಕ್ ವಾನ್ ರೀಡೆ. ಅವನ ಉದ್ದೇಶವು ಕೇವಲ ಜ್ಞಾನಾರ್ಜನೆಯಾಗಿರಲಿಲ್ಲ. ಕಂಪೆನಿಯ ಸಿಪಾಯಿಗಳಿಗೆ ಬೇಕಾದ ಔಷಧಗಳು ಹಾಲೆಂಡಿನಿಂದ ಬರಬೇಕಾಗಿದ್ದುವು. ಬರುವಷ್ಟರಲ್ಲಿ ಅವುಗಳ ಗುಣವು ಕೆಡುತ್ತಿತ್ತು. ಅವುಗಳಲ್ಲಿ ಕೆಲವು ಮಲಬಾರಿನ ಕಾಡಿನಲ್ಲಿಯೇ ಹುಟ್ಟಿ, ವರ್ತಕರ ಕೈಯಿಂದ ಕೈಗೆ ಸಾಗಿ ಯೂರೋಪನ್ನು ಸೇರಿ, ಹಡಗೇರಿ ಹುಟ್ಟೂರಿಗೇ ಮರಳುತ್ತಿದ್ದುವೆಂಬುದು ಸ್ವಾರಸ್ಯವಾದ ಸಂಗತಿ. ಸಿಂಹಳದ ಅಧಿಕಾರಿಗಳೆದುರು ಮಲಬಾರಿನ ಹಿರಿಮೆಯನ್ನು ಸ್ಥಾಪಿಸುವ ಹಟವೂ ರೀಡೆಗಿತ್ತು.

ಆದರೆ ಗಿಡದ ಗುಣವನ್ನು ಬಲ್ಲವರು ಕಂಪೆನಿಯವರಲ್ಲ. ಕೊಚ್ಚಿಯ ಅರಸನ ನೆರವಿನಿಂದ ವಿದ್ವಾಂಸರು ಕೂಡಿದರು. ಆಳುಗಳು ಕಾಡಿನಿಂದ ಹೂವು, ಕಾಯಿ, ಬೇರುಗಳನ್ನು ತಂದರು, ಚಿತ್ರಗಾರರು ಬರೆದರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು ತಮ್ಮ ನಿಘಂಟುಗಳನ್ನು ತೆರೆದರು. ಇವರು ಗೋವೆಯಿಂದ ಹೊರಟು ಕನ್ನಡ ಜಿಲ್ಲೆಯಲ್ಲಿಯೂ ಕೊಚ್ಚಿಯಲ್ಲಿಯೂ ನೆಲಸಿದ ಕೊಂಕಣಿಗರ ಸಮುದಾಯಕ್ಕೆ ಸೇರಿದವರು. ಆ ಸಭೆಯ ವಾದವಿವಾದಗಳಲ್ಲಿ ಕಂಡ ವಿನಯವನ್ನು ರೀಡೆಯು ಮೂರನೆಯ ಸಂಪುಟದ ಮುನ್ನುಡಿಯಲ್ಲಿ ಮೆಚ್ಚಿ ಬರೆದಿದ್ದಾನೆ.

ಇವರೆಲ್ಲರೊಡನೆ, ಬಹುಶಃ ಇವರೆಲ್ಲರಿಗಿಂತ ಮುಖ್ಯನಾಗಿ, ಕರಪ್ಪುರದ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನಿದ್ದನು. ಜಾತಿಯ ಶ್ರೇಣಿಯಲ್ಲಿ ಅವನ ಸ್ಥಾನವು ಕೆಳಗಿನದು. ಕುಲಪರಂಪರೆಯಿಂದ ಬಂದ ಅವನ ಅರಿವು ಅಂಥದಲ್ಲ. ಅವನು ಮಲೆಯಾಳದಲ್ಲಿ ಹೇಳಿದ್ದನ್ನು ಇಮಾನ್ಯುಯೆಲ್ ಕಾರ್ನೇರೊ ಪೋರ್ತುಗೀಸಿಗೆ ತಿರುಗಿಸಿದನು. ಅಲ್ಲಿಂದ ಅದು ಲ್ಯಾಟಿನ್ನಿಗೆ ಹೋಯಿತು. ಗ್ರಂಥದಲ್ಲಿ ಗಿಡಗಳನ್ನು ಗುಂಪುಗೂಡಿಸಿದ ಕ್ರಮದಲ್ಲಿಯೇ ಈಳವರ ವರ್ಗೀಕರಣವು ಅಡಗಿದೆಯೆಂದು ಇತಿಹಾಸಕಾರ ರಿಚರ್ಡ್ ಗ್ರೋವ್ 1995ರಲ್ಲಿ ವಾದಿಸಿದನು. ಈ ವಾದವು ನಿಂತರೆ, ಯೂರೋಪು ಇಲ್ಲಿಂದ ಪಡೆದದ್ದು ಗಿಡಗಳ ಪಟ್ಟಿಯನ್ನು ಮಾತ್ರವಲ್ಲ, ಗಿಡಗಳನ್ನು ನೋಡುವ ಬಗೆಯನ್ನೂ ಎಂದಾಗುತ್ತದೆ.

ಆ ಕಾಲಕ್ಕೆ ಅಪೂರ್ವವಾದ ಒಂದು ನ್ಯಾಯವನ್ನು ರೀಡೆಯು ಪಾಲಿಸಿದನು. 1675ರ ಏಪ್ರಿಲಿನಲ್ಲಿ ಈ ಸಹಾಯಕರು ಬರೆದುಕೊಟ್ಟ ಸಾಕ್ಷಿಪತ್ರಗಳನ್ನು ಅವರವರ ಲಿಪಿಯಲ್ಲಿಯೇ ಮೊದಲನೆಯ ಸಂಪುಟದಲ್ಲಿ ಅಚ್ಚುಹಾಕಿಸಿದನು: ಅಚ್ಯುತನದು ಕೋಲೆಳುತ್ತಿನಲ್ಲಿ, ಕೊಂಕಣಿಗರದು ನಾಗರಿಯಲ್ಲಿ. ಮಲೆಯಾಳದ ಅಕ್ಷರಗಳು ಅಚ್ಚಿನಲ್ಲಿ ಕಾಣಿಸಿಕೊಂಡ ಮೊದಮೊದಲ ಗ್ರಂಥಗಳಲ್ಲಿ ಇದೂ ಒಂದು. ಚಿತ್ರಗಳ ಮೇಲೆಯೂ ದೇಶೀಯ ಹೆಸರುಗಳನ್ನು ಕೊರೆಯಿಸಿದನು. ಅವುಗಳಲ್ಲಿ ‘ಪೊಂಗಂ’ ಒಂದು. ಅದರಿಂದ ‘ಪೊಂಗಾಮಿಯ’ ಎಂಬ ಶಾಸ್ತ್ರನಾಮವು ಹುಟ್ಟಿತು. ಪಕಾರವು ಹಕಾರವಾಗುವ ಕನ್ನಡದ ಪದ್ಧತಿಯನ್ನು ಬಲ್ಲವರಿಗೆ ಇದು ಹೊಂಗೆಯ ನಂಟನೆಂದು ಬೇರೆ ಹೇಳಬೇಕಾಗಿಲ್ಲ.

1691ರಲ್ಲಿ ರೀಡೆಯು ಸಮುದ್ರಯಾನದಲ್ಲಿಯೇ ತೀರಿಕೊಂಡನು. ಸೂರತ್ತಿನಲ್ಲಿ ಅವನ ಗೋರಿಯಿದೆ. ಕಡೆಯ ಸಂಪುಟವನ್ನು ಅವನು ಕಾಣಲಿಲ್ಲ. ಅವನು ತೋರಿದ ನ್ಯಾಯವೂ ಅವನ ಹಿಂದೆ ಬಹುಕಾಲ ಬಾಳಲಿಲ್ಲ. ಲಿನ್ನೇಯಸನು ಆಧಾರವನ್ನು ಸೂಚಿಸುವಾಗ ‘ರೀಡ್. ಮಲ್.’ ಎಂಬ ಎರಡು ಸಂಕ್ಷೇಪಗಳನ್ನೂ ಪುಟಸಂಖ್ಯೆಯನ್ನೂ ಬರೆದನು. ಶಾಸ್ತ್ರದ ಮಿತವ್ಯಯಕ್ಕೆ ಅಷ್ಟೇ ಸಾಕು. ಆದರೆ ಆ ಎರಡು ಸಂಕ್ಷೇಪಗಳಲ್ಲಿ ವೈದ್ಯನಿಗೂ ನಿಘಂಟುಕಾರರಿಗೂ ಎಡೆಯಿಲ್ಲದೆ ಹೋಯಿತು.

ಜನಪದರ ಅರಿವಿನಿಂದ ಬಂದ ಲಾಭದಲ್ಲಿ ಅವರಿಗೂ ಪಾಲು ಸಲ್ಲಬೇಕೆಂಬ ಮಾತು ರಾಷ್ಟ್ರಗಳ ಒಪ್ಪಂದವನ್ನು ಸೇರಿದ್ದು 1992ರಲ್ಲಿ, ರಿಯೋ ನಗರದಲ್ಲಿ. ಅದಕ್ಕೆ ವಿವರವಾದ ನಿಯಮಗಳು ದೊರೆತದ್ದು 2010ರಲ್ಲಿ, ಜಪಾನಿನ ನಗೋಯದಲ್ಲಿ. ಇವೆರಡರ ನಡುವೆ, ದಶಕಗಳ ಕಾಲ ಈ ಗ್ರಂಥದ ಗಿಡಗಳನ್ನು ಮತ್ತೆ ಹುಡುಕಿ ಗುರುತಿಸಿದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲರ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾನಿಲಯವು 2003ರಲ್ಲಿ ಪ್ರಕಟಿಸಿತು. ಮಲೆಯಾಳದ ಅನುವಾದವು 2008ರಲ್ಲಿ ಹೊರಬಂದಿತು. ಇಟ್ಟಿ ಅಚ್ಯುತನ್ ಸಾಕ್ಷಿಪತ್ರವನ್ನು ಬರೆದುಕೊಟ್ಟು ಆಗ 333 ವರ್ಷಗಳಾಗಿದ್ದುವು.